ಅಂಗಳದ ದೋಣಿ

ಬೆಂಗೇರಿಯ ನಮ್ಮ ಪಕ್ಕದ ಮನೆ ಕಾಕಾ ಹತ್ತಿ ವ್ಯಾಪಾರಿ. ಅವರ ಅಂಗಳದಲ್ಲಿ ಪುಟ್ಟ ದೋಣಿಯೊಂದಿತ್ತು. ರಜೆಗೆ ಅದನ್ನು ಟೆಂಪೋದಲ್ಲಿ ಹೇರಿ ಮಲಪ್ರಭೆಯ ಹಿನ್ನೀರಿಗೆ ಹೊರಡುವ ಮೊದಲು, ನಮ್ಮನ್ನೆಲ್ಲ ಅಂಗಳದಲ್ಲೇ ದೋಣಿಯೊಳಗೆ ಕೂರಿಸಿ ಲೈಫ್ ಜಾಕೆಟ್ ತೊಡಿಸುತ್ತಿದ್ದರು. ಹತ್ತಿ ಹಿಂಜಿ ನೋಡುವ ಬೆರಳಿನಿಂದಲೇ ಒಬ್ಬೊಬ್ಬರ ಪಟ್ಟಿ ಜಗ್ಗಿ, "ಮೊದಲ ಪಟ್ಟಿ ಬಿಗೀರಿ, ಆಮ್ಯಾಲ ಮಾತು" ಅನ್ನುವರು.

ಒಮ್ಮೆ ಅವರ ಹೊಸ ಅಳಿಯ ಹಿನ್ನೀರಿನ ದಂಡೆಯಲ್ಲಿ ಜಾಕೆಟ್ ಬಿಚ್ಚಿ ನಿಂತು, "ನನಗ ಈಜು ಬರತೈತ್ರಿ ಮಾವಾರ, ಜಾಕೆಟ್ ಬ್ಯಾಡ" ಅಂದ. ಅಳಿಯನಿಗೆ ಇಲ್ಲ ಅನ್ನುವ ರೂಢಿ ಆ ಮನೆಯಲ್ಲಿರಲಿಲ್ಲ. ಕಾಕಾ ಬುತ್ತಿಯನ್ನು ದೋಣಿಯಿಂದ ಇಳಿಸಿ ದಂಡೆಯಲ್ಲೇ ಚಾಪೆ ಹಾಸಿದರು.

"ಆತು ಬಿಡ್ರಿ. ಊಟಾ ಇಲ್ಲೇ ಮಾಡೂಣು."

ಅಳಿಯನಿಗೆ ಒತ್ತಾಯ ಮಾಡಿ ಶೇಂಗಾ ಹೋಳಿಗೆ ಬಡಿಸಿದರು. ಆ ದಿನ ದೋಣಿ ನೀರಿಗಿಳಿಯಲಿಲ್ಲ.

ಪಂಚಮಿಗೆ ಅಳಿಯ ಮತ್ತೆ ಬಂದ. ಚಹಾ ಕುಡಿಯುವ ಮೊದಲೇ ಜಾಕೆಟ್ ತೊಟ್ಟು ಕಾಕಾರ ಮುಂದೆ ಬಂದು ನಿಂತ.

"ಮಾವಾರ, ಪಟ್ಟಿ ಜಗ್ಗಿ ನೋಡ್ರಿ."