ಬೂದಿಕೋಟೆ ಮುನಿಸ್ವಾಮಪ್ಪನ ಕೊನೆಯ ಗುದ್ದು

ಬಂಗಾರಪೇಟೆ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಪೇಪರ್ ಅಂಗಡಿ. ಕಾಸು ಬಿಚ್ಚದೆ ನಿಂತಲ್ಲೇ ಪೇಪರ್ ಪೂರ್ತಿ ಓದಿ, ಮಡಿಕೆ ಕೆಡಿಸಿ ಇಟ್ಟು ಹೋಗುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುನಿಸ್ವಾಮಪ್ಪ ಆ ಪೈಕಿಯವನೇ. ಸಾಲದ್ದಕ್ಕೆ ಅವನ ಹೆಗಲ ಮೇಲೆ ಸೊಪ್ಪು ಕಟ್ಟಿ ತಂದ ಒದ್ದೆ ಗೋಣಿತಾಟು ಬೇರೆ ಇರುತ್ತಿತ್ತು. ಅದರ ನೀರು ನನ್ನ ಪೇಪರುಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದರೆ ಅಷ್ಟರಲ್ಲಿ ಏನಾದರೊಂದು ಹೇಳಿ ನಗಿಸಿಬಿಡುತ್ತಿದ್ದ.

ಅವನದು ಬೂದಿಕೋಟೆ. ಅರ್ಧ ಎಕರೆಯಲ್ಲಿ ದಂಟು, ಅರಿವೆ, ಕೀರೆ, ಸಬ್ಬಸಿಗೆ. ದಿನಾ ಮೊದಲ ಬಸ್ಸಿಗೆ ಸೊಪ್ಪಿನ ಮೂಟೆ ಹಾಕಿಕೊಂಡು ನಮ್ಮೂರ ಮಾರ್ಕೆಟ್ಟಿಗೆ ಬರುತ್ತಿದ್ದ. ಬಿಸಿಲೇರುವ ಹೊತ್ತಿಗೆ ಮಾರಿ ಮುಗಿಸಿ ನನ್ನ ಅಂಗಡಿ ಮುಂದೆ ಹಾಜರು. ಬೇರೆಯವರು ಸಿನಿಮಾ ನೋಡುತ್ತಾರೆ, ಟೊಮೆಟೊ ರೇಟು ನೋಡುತ್ತಾರೆ, ಸತ್ತವರ ಫೋಟೋ ನೋಡುತ್ತಾರೆ. ಇವನು ಮಾತ್ರ ವಿಜ್ಞಾನದ ಸುದ್ದಿ ಎಲ್ಲಿದ್ದರೂ ಹುಡುಕಿಕೊಂಡು ಓದುತ್ತಿದ್ದ. ಯಾಕಯ್ಯಾ ನಿನಗೆ ಅದರ ಉಸಾಬರಿ ಎಂದು ಒಮ್ಮೆ ಕೇಳಿದೆ.

"ರಾಜಕೀಯದೋರು ಸುಳ್ ಯೋಳ್ತಾರೆ ಅಂತ ಎಲ್ರಿಗೂ ಗೊತ್ತು ಯೆಂಕಟೇಶಪ್ಪಾ, ಅದ್ರಲ್ಲೇನ್ ತಮಾಸೆ ಐತೆ? ಇವ್ರು ನಿಜ ಯೋಳ್ತಾರೆ ನೋಡು, ಅದುಕ್ಕೇ ನಗು ಬತ್ತದೆ" ಎಂದ.

ಕೋಲಾರದಿಂದ ಬರುವ ಒಂದು ಸಣ್ಣ ಪತ್ರಿಕೆಯ ಹಿಂದಿನ ಪುಟದಲ್ಲಿ ವಾರಕ್ಕೊಮ್ಮೆ 'ಸುದ್ದಿಗೊಂದು ಗುದ್ದು' ಅಂತ ಒಂದು ಮೂಲೆ ಇದೆ. ಮೇಲೆ ಹಲ್ಲು ಕಿರಿಯುವ ಮೀಸೆ ಮುಖದ ಚಿತ್ರ. ಓದುಗರು ಯಾವುದಾದರೂ ಸುದ್ದಿಗೆ ಎರಡೇ ಸಾಲಿನಲ್ಲಿ ಗುದ್ದು ಕೊಡಬೇಕು. ಮುನಿಸ್ವಾಮಪ್ಪನ ಬಳಿ ಇದ್ದದ್ದು ಬರೀ ಮಾತಾಡುವ ಫೋನು. ಅವನು ಹೇಳುತ್ತಿದ್ದ, ನಾನು ನನ್ನ ಫೋನಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೆ. ಅವನ ಬಾಯಿಮಾತನ್ನು ಪೇಪರಿನವರು ಸ್ವಲ್ಪ ಇಸ್ತ್ರಿ ಮಾಡಿ ಹಾಕುತ್ತಿದ್ದರು.

ಚಂದ್ರನ ಮೇಲೆ ನೀರಿನ ಕುರುಹು ಸಿಕ್ಕಿದೆ ಎಂದು ಸುದ್ದಿ ಬಂದಾಗ ಅವನ ಗುದ್ದು: "ಎಷ್ಟು ಅಡಿಗೆ ಬಿತ್ತು ಸ್ವಾಮಿ? ನಮ್ಮಲ್ಲಿ ಸಾವಿರದೈನೂರು ಕೊರೆಸಿದರೂ ಬರೀ ದೂಳು." ಚಾಲಕನೇ ಇಲ್ಲದ ಬಸ್ಸು ಬರುತ್ತದೆ ಎಂದಾಗ: "ಬೂದಿಕೋಟೆ ರೂಟಿಗೆ ಮೊದಲು ಬಸ್ಸು ಬರಲಿ, ಡ್ರೈವರ್ ಇಲ್ಲದಿದ್ದರೆ ನಾವೇ ತಳ್ಳಿಕೊಳ್ಳುತ್ತೇವೆ." ಯಂತ್ರಗಳು ತಾವೇ ಯೋಚನೆ ಮಾಡುವ ಕಾಲ ಹತ್ತಿರವಾಯಿತು ಎಂದಾಗ: "ನಮ್ಮ ಪಂಚಾಯ್ತಿಯಲ್ಲಿ ಮನುಷ್ಯರದೇ ಇನ್ನೂ ಶುರುವಾಗಿಲ್ಲ."

ಈ ಕೊನೆಯದಕ್ಕೆ ಪಂಚಾಯ್ತಿಯವರು ಸಿಟ್ಟಾಗಿ ಒಂದು ವಾರ ಅವನ ಮನೆ ಮುಂದಿನ ಬೀದಿದೀಪ ಹಾಕಲಿಲ್ಲ. ಅದರಿಂದ ಅವನ ಹೆಸರು ಇನ್ನೂ ಜೋರಾಯಿತು. ಕಂಡಕ್ಟರುಗಳೆಲ್ಲ ಅವನನ್ನು 'ಗುದ್ದು ಮುನಿಸ್ವಾಮಪ್ಪ' ಎಂದೇ ಕರೆಯುತ್ತಿದ್ದರು. ಸೊಪ್ಪು ಕೊಳ್ಳುವ ಹೆಂಗಸರು ಒಂದು ಕಟ್ಟು ಸೊಪ್ಪಿನ ಜೊತೆ ಒಂದು ಗುದ್ದೂ ಬಿಟ್ಟಿಯಾಗಿ ಕೇಳುತ್ತಿದ್ದರು.

ಹೀಗಿರುವಾಗ ಅವನ ಹೆಂಡತಿ ಆದಿಲಕ್ಷ್ಮಮ್ಮನ ಕಾಲು ಊದಿಕೊಂಡವು. ನಾಟಿ ಔಷಧಿ ಆಯಿತು, ದೇವರು ಕೇಳಿದ್ದಾಯಿತು. ಕೊನೆಗೆ ಆಸ್ಪತ್ರೆಯಲ್ಲಿ ತೋರಿಸುವ ಹೊತ್ತಿಗೆ ಎರಡೂ ಕಿಡ್ನಿ ಹೋಗಿವೆ ಎಂದರು. ಸೋಮವಾರ, ಗುರುವಾರ ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೇರೆ ಕಿಡ್ನಿ ಹಾಕುವುದಾದರೆ ಒಡಹುಟ್ಟಿದವರದ್ದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಇದ್ದವನು ಒಬ್ಬನೇ ತಮ್ಮ. ಅವನು ಇವತ್ತು ನಾಳೆ ಎನ್ನುತ್ತಾ ಕಾಲ ತಳ್ಳುತ್ತಿದ್ದ. ಆಗಲೇ ಎಲ್ಲೋ ವಿದೇಶದಲ್ಲಿ ಮನುಷ್ಯನಿಗೆ ಹಂದಿಯ ಕಿಡ್ನಿ ಜೋಡಿಸಿದ ಸುದ್ದಿ ಬಂತು. ಮುನಿಸ್ವಾಮಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ ಹೇಳಿದ, ನಾನು ಟೈಪ್ ಮಾಡಿದೆ: "ಹಂದಿ ಒಪ್ಪಿತೇ? ನಮ್ಮ ಭಾವಮೈದುನ ಇನ್ನೂ ಒಪ್ಪಿಲ್ಲ."

ಅದು ಅಚ್ಚಾದ ಮೇಲೆ ಆ ತಮ್ಮ ಮತ್ತೆ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ಉಗಿದೆ. ನಿನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ನಾಳೆಯಾದರೂ ಅವನು ಮನಸ್ಸು ಮಾಡುತ್ತಿದ್ದನಲ್ಲೋ ಎಂದೆ. ಆದಿಲಕ್ಷ್ಮಮ್ಮನೇ ಗಂಡನ ಪರ ವಹಿಸಿಕೊಂಡಳು. "ಬುಡಣ್ಣಾ, ಅವ್ನು ಕೊಡ್ತಿರ್ಲಿಲ್ಲ. ನಗ್ತಾನಾದ್ರೂ ಓದಿದ್ನಲ್ಲ ನಾನು, ಅಷ್ಟೇ ಸಿಕ್ಕಿದ್ದು" ಎಂದಳು. ಗಂಡನ ಗುದ್ದುಗಳನ್ನು ಅವಳು ಮೂರನೇ ಕ್ಲಾಸಿನ ಓದಿನಲ್ಲಿ ಅಕ್ಷರ ಕೂಡಿಸಿ ಓದಿ, ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು.

ಡಯಾಲಿಸಿಸ್ ವಾರ್ಡಿನಲ್ಲಿ ಅವಳ ಪಕ್ಕದ ಮಂಚ ಕೆಜಿಎಫ್‌ನ ಮೈಸೂರು ಮೈನ್ಸ್ ಕಾಲೋನಿಯ ವಿಜಯಕುಮಾರನದು. ಆಟೋ ಓಡಿಸುತ್ತಿದ್ದವನು, ಇನ್ನೂ ನಲವತ್ತೂ ಆಗಿರಲಿಲ್ಲ. ರಕ್ತ ಮಿಷನ್ನಿಗೆ ಹೋಗಿ ವಾಪಸ್ ಬರುವ ಆ ನಾಲ್ಕು ಗಂಟೆ ಕಳೆಯುವುದು ಯಾರಿಗೂ ಸುಲಭವಲ್ಲ. ಮುನಿಸ್ವಾಮಪ್ಪ ನಡುವೆ ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತಿದ್ದ. ಹತ್ತು ವರ್ಷದಲ್ಲಿ ಕೃತಕ ಕಿಡ್ನಿ ಬರುತ್ತದೆಂದು ಒಮ್ಮೆ ಓದಿ, "ನಮ್ಮೋರ್ಗೆ ಸೋಮ್ವಾರದವರ್ಗೂ ಮಾತ್ರ ಟೇಮು ಕೊಟ್ಟವ್ರೆ, ಅಷ್ಟ್ರೊಳ್ಗೆ ಮುಗ್ಸಾಕಾಗ್ತದಾ ಕೇಳ್ರಪ್ಪಾ" ಎಂದನಂತೆ. ಮಂಚದಲ್ಲಿದ್ದವರೆಲ್ಲ ನಕ್ಕು, ಒಬ್ಬನ ಸೂಜಿ ಅಲ್ಲಾಡಿ ಮಿಷನ್ನು ಕೂಗಿಕೊಂಡಿತಂತೆ. ಮಿಷನ್ ನೋಡಿಕೊಳ್ಳುವ ರಾಧ ಗದರಿಸಿ, ತಾನೂ ನಕ್ಕಳಂತೆ.

ರಾಧ ಕುಂದಾಪುರದ ಕಡೆಯ ಹುಡುಗಿ. ರೋಗಿಗಳು ಏನು ತಿನ್ನಬಾರದು ಎಂದು ಅವಳೇ ಹೇಳುತ್ತಿದ್ದಳು. ನೀರು ಅಳತೆ ಮೀರಬಾರದು, ಬಾಳೆಹಣ್ಣು ಬೇಡ, ಎಳನೀರು ಬೇಡ, ಟೊಮೆಟೊ ಬೇಡ. ಕೋಲಾರದ ಜನಕ್ಕೆ ಟೊಮೆಟೊ ಬೇಡ ಎಂದರೆ ಅವರು ತಿನ್ನುವುದಾದರೂ ಏನು? ಸೊಪ್ಪು ಕೂಡ ಬೇಡ ಎಂದಾಗ ಆದಿಲಕ್ಷ್ಮಮ್ಮ ಅತ್ತೇಬಿಟ್ಟಳು. ಸೊಪ್ಪು ಬೆಳೆಯುವವನ ಹೆಂಡತಿ ಅವಳು. ರಾಧಳಿಗೆ ಪಾಪ ಅನ್ನಿಸಿತು. "ತಿನ್ನಲೇಬೇಕು ಅಂತಿದ್ದರೆ ಚೆನ್ನಾಗಿ ನೀರಲ್ಲಿ ಬೇಯಿಸಿ, ಬಸಿದು ತಿನ್ನಿ" ಎಂದಳು. ಆದಿಲಕ್ಷ್ಮಮ್ಮನ ಮುಖ ಅರಳಿತು. ಬಸಿಯುವುದನ್ನು ಅವಳಿಗೆ ಹೇಳಿಕೊಡಬೇಕೇ?

ನಮ್ಮ ಕಡೆ ಸೊಪ್ಪು ಬೇಯಿಸಿ ಬಸಿಯುವುದೇ ಆ ನೀರಿಗಾಗಿ. ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರಿಗೆ ಸುಟ್ಟ ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಅದಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಆ ನೀರನ್ನು ಬಚ್ಚಲಿಗೆ ಸುರಿಯುವ ಹೆಂಗಸು ಬೂದಿಕೋಟೆಯಿಂದ ಕ್ಯಾಸಂಬಳ್ಳಿಯವರೆಗೆ ಹುಡುಕಿದರೂ ಸಿಗುವುದಿಲ್ಲ. ಆದಿಲಕ್ಷ್ಮಮ್ಮ ಹೇಳಿದ ಹಾಗೆಯೇ ಮಾಡಿದಳು. ಬೇಯಿಸಿದಳು, ಬಸಿದಳು, ಪಲ್ಯವನ್ನೂ ತಿಂದಳು, ಸಾರನ್ನೂ ಉಂಡಳು. ವಿಜಯಕುಮಾರನ ಹೆಂಡತಿಗೂ ಸಾರು ಮಾಡುವುದನ್ನು ಹೇಳಿಕೊಟ್ಟಳು.

ಎಚ್ಚರಿಕೆ ಬರಲಿಲ್ಲ ಎನ್ನುವಂತಿಲ್ಲ. ಪೇಪರಿನಲ್ಲೇ ಬಂತು. 'ಸೊಪ್ಪು ಬೇಯಿಸಿದ ನೀರು ಚೆಲ್ಲಿ: ಕಿಡ್ನಿ ರೋಗಿಗಳಿಗೆ ಸಂಶೋಧಕರ ಸಲಹೆ'. ಒಳಗೆ ಕಾರಣವನ್ನೂ ಬರೆದಿದ್ದರು. ಮುನಿಸ್ವಾಮಪ್ಪ ಕಾರಣದವರೆಗೆ ಹೋಗಲೇ ಇಲ್ಲ. ತಲೆಬರಹ ಓದುತ್ತಲೇ ಅವನ ಹೊಟ್ಟೆ ಕುಣಿಯತೊಡಗಿತ್ತು. "ಬರ್ಕೊ ಯೆಂಕಟೇಶಪ್ಪಾ, ಬೇಗ ಬರ್ಕೊ" ಎಂದ. ನಾನು ನಗುತ್ತಲೇ ಟೈಪ್ ಮಾಡಿದೆ: "ಚೆಲ್ಲುವ ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಒಂದು ಕುದಿ ಬರಿಸಿ ಸ್ವಾಮಿ. ಆಮೇಲೆ ಸಂಶೋಧಕರನ್ನೇ ಚೆಲ್ಲುತ್ತೀರಿ."

ಅವನ ಗುದ್ದುಗಳಲ್ಲೆಲ್ಲ ಇದೇ ಹೆಚ್ಚು ಓಡಿತು. ಹೋಟೆಲಿನವರು ಕತ್ತರಿಸಿ ಗೋಡೆಗೆ ಅಂಟಿಸಿದರು. ವಿಜಯಕುಮಾರ ವಾರ್ಡಿನ ಬಾಗಿಲಿಗೇ ಅಂಟಿಸಿದ. ಸಾರು ಎಂದರೆ ತನ್ನೂರ ಬೇಳೆಯ ತಿಳಿಸಾರೇ, ಸೊಪ್ಪಿನ ನೀರನ್ನು ನಿಜಕ್ಕೂ ಯಾರೂ ಉಣ್ಣುವುದಿಲ್ಲ ಎಂದುಕೊಂಡಿದ್ದ ರಾಧಳೂ ಅದು ಬರೀ ತಮಾಷೆಯೆಂದು ನಕ್ಕು ಬಿಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಭಾನುವಾರ. ಮಾರಿ ಉಳಿದಿದ್ದ ದಂಟಿನ ಸೊಪ್ಪು ಮನೆಯಲ್ಲಿತ್ತು. ಆದಿಲಕ್ಷ್ಮಮ್ಮ ಬಸ್ಸಾರು ಮಾಡಿ, ಬಹಳ ದಿನದ ಮೇಲೆ ಪೂರ್ತಿ ಮುದ್ದೆ ಉಂಡಳು. "ಇವತ್ತು ನಾಲಿಗೆಗೆ ರುಚಿ ಗೊತ್ತಾಯ್ತು ಕಣಯ್ಯಾ" ಎಂದು ಇನ್ನೊಂದು ಸೌಟು ಬಡಿಸಿಕೊಂಡಳು. ಸಾಯಂಕಾಲಕ್ಕೆ ಕಾಲಿನಲ್ಲಿ ಶಕ್ತಿಯೇ ಇಲ್ಲ ಎಂದು ಕೂತವಳು ಏಳಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹೊರಟರು. ಬಂಗಾರಪೇಟೆ ದಾಟುವ ಮೊದಲೇ ಉಸಿರು ನಿಂತಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅವಳ ಕಾಗದಪತ್ರ ತರಲು ಮುನಿಸ್ವಾಮಪ್ಪ ಆಸ್ಪತ್ರೆಗೆ ಹೊರಟ. ಒಬ್ಬನೇ ಹೋಗಲಾರೆ ಎಂದದ್ದಕ್ಕೆ ನಾನೂ ಜೊತೆಗೆ ಹೋದೆ. ಆ ದಿನ ಏನು ಉಂಡಿದ್ದರು ಎಂದು ರಾಧ ಕೇಳಿದಳು. ಅವನು ಹೇಳಿದ. ಹೇಳುತ್ತಿದ್ದಂತೆ ಆ ಹುಡುಗಿಯ ಮುಖ ಬಿಳುಪೇರಿತು.

"ಬಸಿದ ನೀರನ್ನೇ ಸಾರು ಮಾಡುವುದಾ? ಪ್ರತಿ ಸಲವೂ?"

"ಇನ್ನೇನ್ ಮಾಡ್ತಾರಮ್ಮಾ ಅದುನ್ನ?"

ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. "ಅದರಿಂದಲೇ ಹೋದರು ಅಂತ ನಾನು ಹೇಳಲಿಕ್ಕಾಗುವುದಿಲ್ಲ ಮುನಿಸ್ವಾಮಪ್ಪನವರೇ. ಆದರೆ ಸೊಪ್ಪಿನ ಪೊಟ್ಯಾಸಿಯಂ ಎಲ್ಲ ಆ ನೀರಿಗೇ ಇಳಿಯುವುದು. ಅದನ್ನು ಚೆಲ್ಲಲಿ ಅಂತಲೇ ಬಸಿಯಲು ಹೇಳುವುದು. ಅದು ಮೈಯಲ್ಲಿ ಏರಿದರೆ ಎದೆ ನಿಂತುಹೋಗುತ್ತದೆ." ಆಮೇಲೆ ಎದ್ದು ಹೋಗಿ, ಬಾಗಿಲಿಗೆ ಅಂಟಿಸಿದ್ದ ಪೇಪರ್ ತುಂಡನ್ನು ಉಗುರಿನಿಂದ ಕೆರೆದು ತೆಗೆದಳು.

ಮುನಿಸ್ವಾಮಪ್ಪ ಅಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಮಾತಾಡಿದ. "ಓದಿದ್ನಲ್ಲೋ ಯೆಂಕಟೇಶಪ್ಪಾ. ಕಣ್ಣಾರೆ ಓದಿದ್ನಲ್ಲೋ." ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅವನು ಪೇಪರ್ ಮುಟ್ಟುವುದನ್ನೇ ಬಿಟ್ಟ. ಸೊಪ್ಪು ಮಾರುತ್ತಿದ್ದ, ಬಸ್ಸು ಹತ್ತುತ್ತಿದ್ದ. ರಾಧ ವಾರ್ಡಿನಲ್ಲಿ ಎಲ್ಲರಿಗೂ ನೀರು ಚೆಲ್ಲಿ ಎಂದು ಬಿಡಿಸಿ ಹೇಳತೊಡಗಿದಳು. ಆದರೆ ಅವಳು ಬೇಡ ಎನ್ನದ ವಸ್ತುವೇ ಇರಲಿಲ್ಲವಲ್ಲ, ಇದೂ ಒಂದು ಎಂದು ಜನ ತಲೆಯಾಡಿಸಿ ಸುಮ್ಮನಾದರು. ಒಂದು ದಿನ ಫೋನಿನಲ್ಲಿ ವಿಜಯಕುಮಾರನೇ ಇದನ್ನು ಮುನಿಸ್ವಾಮಪ್ಪನಿಗೆ ನಗುತ್ತಾ ಹೇಳಿದನಂತೆ. "ರಾಧ ಮೇಡಂ ಮಾತ್ ಕೇಳಿದ್ರೆ ಗಾಳಿ ತಿನ್ಕೊಂಡ್ ಇರ್ಬೇಕು ಅಣ್ಣೇ" ಎಂದನಂತೆ. ಇವನು ಅಲ್ಲೇ ಬಾಯಿಬಿಟ್ಟು ನಿಜ ಹೇಳಲಾರದೆ ಫೋನ್ ಇಟ್ಟುಬಿಟ್ಟನಂತೆ. ಮಾರನೆಯ ದಿನ ನನ್ನ ಅಂಗಡಿಗೆ ಬಂದ.

"ಆ ರಾಧಮ್ಮ ಯೋಳಿದ್ರೆ ಯಾರೂ ಕೇಳಾಕಿಲ್ಲ. ನನ್ ಮಾತು ಕೇಳ್ತಾರೆ, ಪೇಪರ್ನಾಗೆ ಬಂದ್ರೆ ನಂಬ್ತಾರೆ. ಬರ್ಕೊ."

ಬರೆದುಕೊಂಡೆ. ಅವನು ಹೇಳಿದ್ದು ಇಷ್ಟು. ಕಿಡ್ನಿ ಕಾಯಿಲೆಯವರೇ, ಸೊಪ್ಪು ಬೇಯಿಸಿದ ನೀರು ಚೆಲ್ಲಿ. ಸಂಶೋಧಕರು ಹೇಳಿದ್ದು ನಿಜ, ನಾನು ತಮಾಷೆ ಮಾಡಿದೆ. ನನ್ನ ಹೆಂಡತಿ ಆ ಸಾರು ಉಂಡು ಸತ್ತಳು. ಯಾವಾಗಲೂ ಕಳಿಸುವ ನಂಬರಿಗೇ ಕಳಿಸಿದೆ, ನನಗೆ ಗೊತ್ತಿದ್ದದ್ದು ಅದೊಂದೇ.

ಆ ವಾರದ ಪೇಪರ್ ಕಟ್ಟು ಬಿಚ್ಚಿದವನೇ ಹಿಂದಿನ ಪುಟ ತಿರುಗಿಸಿದೆ. ಮೂಲೆಯಲ್ಲಿ ಅದೇ ಹಲ್ಲು ಕಿರಿಯುವ ಮುಖ. ಅದರ ಪಕ್ಕ, 'ಮರಳಿ ಬಂದರು ನಮ್ಮ ಮುನಿಸ್ವಾಮಪ್ಪ!' ಕೆಳಗೆ ಸರಿಯಾಗಿ ಎರಡು ಸಾಲು: "ಕಿಡ್ನಿ ಕಾಯಿಲೆಯವರೇ, ಸೊಪ್ಪು ಬೇಯಿಸಿದ ನೀರು ಚೆಲ್ಲಿ. ಸಂಶೋಧಕರು ಹೇಳಿದ್ದು ನಿಜ, ನಾನು ತಮಾಷೆ ಮಾಡಿದೆ." ಹೆಂಡತಿ ಸತ್ತ ಮಾತನ್ನು ಹಾಕಿರಲಿಲ್ಲ. ಪತ್ರಿಕೆಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಎರಡೇ ಸಾಲು ಹಿಡಿಯೋದು ಸಾರ್ ಅಲ್ಲಿ. ಮೂರನೇದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು, ತಮಾಷೆಗೂ ಒಂದು ಮಿತಿ ಬೇಡ್ವಾ?" ಎಂದನು ಆ ಕಡೆಯವನು. ಅದು ನಿಜ ಎಂದೆ. ಮುಂದಿನ ವಾರ ನೋಡೋಣ ಎಂದು ಇಟ್ಟುಬಿಟ್ಟ.

ಅಷ್ಟರಲ್ಲಿ ಅಂಗಡಿ ಮುಂದೆ ನಿಂತು ಓದುವವರು ನಗತೊಡಗಿದ್ದರು. ಮುನಿಸ್ವಾಮಪ್ಪ ಗೋಣಿತಾಟು ಹೆಗಲ ಮೇಲೆ ಹಾಕಿಕೊಂಡು ಬಂದದ್ದೂ ಆಗಲೇ. ಪೇಪರ್ ಕೈಗೆ ಕೊಟ್ಟೆ. ಓದಿ ಮುಗಿಸುವ ಮೊದಲೇ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ವಿಜಯಕುಮಾರನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಣ್ಣೇ, ಸೂಪರ್ ಅಣ್ಣೇ! ವಾರ್ಡ್ ಪೂರಾ ನಗ್ತಾ ಐತೆ. ಅಕ್ಕ ಹೋದ್ಮೇಲೆ ನೀವು ಮುಗ್ದೋದ್ರಿ ಅಂದ್ಕೊಂಡಿದ್ದೆ. ಮತ್ತೆ ಬರೆದ್ರಲ್ಲ, ನಂಗೆ ಅದೇ ಸಂತೋಸ. ಅಕ್ಕನ ಗ್ಯಾಪಕಕ್ಕೆ ಇವತ್ತು ನಮ್ಮನೇಲಿ ಬಸ್ಸಾರೇ, ಅಕ್ಕ ಯೋಳ್ಕೊಟ್ಟಂಗೇ."

"ಚೆಲ್ಲು ಯಿಜಯ್‌ಕುಮಾರಾ! ತಮಾಸೆ ಅಲ್ಲಪ್ಪಾ, ಚೆಲ್ಲು, ನಿನ್ ಕಾಲಿಗ್ ಬೀಳ್ತೀನಿ!"

ಆ ಕಡೆ ಅವನು ನಗುತ್ತಾ ಯಾರಿಗೋ ಫೋನ್ ಚಾಚಿದನೆಂದು ಕಾಣುತ್ತದೆ. ಇನ್ನೂ ನಾಲ್ಕೈದು ಜನ ನಕ್ಕದ್ದು ಕೇಳಿಸಿತು. ಆಮೇಲೆ ಕರೆ ಕಡಿದುಹೋಯಿತು. ತಿರುಗಿ ಮಾಡಿದರೆ ಎತ್ತಲಿಲ್ಲ.

ಎದುರಿಗೆ ಕೆಜಿಎಫ್ ಬಸ್ಸು ಹೊರಡುತ್ತಿತ್ತು. ಮುನಿಸ್ವಾಮಪ್ಪ ಗೋಣಿತಾಟನ್ನು ಅಲ್ಲೇ ಬಿಸಾಕಿ, ಪೇಪರ್ ಹಿಡಿದುಕೊಂಡೇ ಓಡಿ ಹತ್ತಿದ. "ಓಹೋ, ಗುದ್ದು ಮುನಿಸ್ವಾಮಪ್ಪ! ಇವತ್ತಿಂದು ಭರ್ಜರಿ ಐತೆ ಕಣಪ್ಪಾ, ಬಾ ಬಾ" ಎಂದು ಕಂಡಕ್ಟರ್ ಕೂಗಿದ್ದು ರಸ್ತೆಯ ಈ ಕಡೆಗೂ ಕೇಳಿಸಿತು. ಸೀಟಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಬಸ್ಸು ಹೊರಟಿತು. ಒಳಗೆ ಅವನು ಎರಡೂ ಕೈ ಎತ್ತಿ ಏನೋ ಹೇಳುತ್ತಿದ್ದ, ಸುತ್ತ ಕೂತವರು ನಗುತ್ತಿದ್ದರು.