ಎಂಜಿನ್ನಿನ ಉಪವಾಸ

ಮಸ್ಕಿಯ ಹಿಟ್ಟಿನ ಗಿರಣಿಯ ಎಂಜಿನ್ನು ತಿಂಗಳಿಗೊಂದು ಉಪವಾಸ ಮಾಡುತ್ತಿತ್ತು. ನಗಬೇಡಿ, ಖರೇನೇ ಮಾಡುತ್ತಿತ್ತು. ಗಿರಣಿಯ ಸಾವ್ಕಾರ ಅಮರಗುಂಡಪ್ಪನವರು ಅಮಾವಾಸ್ಯೆಯ ದಿನ ಲಿಂಗಪೂಜೆ ಮುಗಿಸಿ ಸಂಜೆತನಕ ಹನಿ ನೀರು ಮುಟ್ಟುವವರಲ್ಲ. ಯಜಮಾನ ಹಸಿದು ಕೂತಾಗ ಮನೆಗೆ ಅನ್ನ ಹಾಕುವ ಎಂಜಿನ್ನು ಹೊಟ್ಟೆತುಂಬ ಎಣ್ಣೆ ಕುಡಿದು ಕೂತರೆ ಹೆಂಗೆ? ಅದಕ್ಕೇ ಹಿಂದಿನ ಸಂಜೆ ಟಾಕಿಯ ಡೀಸೆಲ್ಲನ್ನೆಲ್ಲ ಡಬ್ಬಿಗೆ ಇಳಿಸಬೇಕು, ಟಾಕಿ ಒರೆಸಬೇಕು, ಎಂಜಿನ್ನಿಗೆ ಮೂರು ಬೆರಳಿನ ವಿಭೂತಿ ಹಚ್ಚಬೇಕು. ಅಮಾವಾಸ್ಯೆ ಕಳೆದ ಮೇಲೆ ಕಾಯಿ ಒಡೆದು ಮತ್ತೆ ಎಣ್ಣೆ ತುಂಬಬೇಕು.

ಇಷ್ಟನ್ನೂ ಮಾಡುತ್ತಿದ್ದವನು ಮುದುಕಪ್ಪ. ಹೆಸರಷ್ಟೇ ಮುದುಕಪ್ಪ, ವಯಸ್ಸು ನಲವತ್ತೂ ಆಗಿರಲಿಲ್ಲ. ತುರ್ವಿಹಾಳದಲ್ಲಿ ಕುರಿ ಕಾಯ್ದುಕೊಂಡಿದ್ದವನು, ರಜಾಕಾರರ ಗದ್ದಲ ಮುಗಿದ ಮರುವರ್ಷ ಹೆಂಡತಿ ಪಾರ್ವತೆಮ್ಮನನ್ನು ಕರೆದುಕೊಂಡು ಮಸ್ಕಿಗೆ ಬಂದ. ಮೊದಲು ಗಿರಣಿಯಲ್ಲಿ ಚೀಲ ಹೊತ್ತ. ಆಮೇಲೆ ಎಂಜಿನ್ ನಡೆಸುವುದನ್ನು ಕಲಿತ. ಕಲಿತಿದ್ದೇ ತಡ, ಅದನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸೇ ಆಗುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಅದರ ಮೈ ಒರೆಸುತ್ತಿದ್ದ, ಅದಕ್ಕೊಂದು ಮಾತು ಹೇಳುತ್ತಿದ್ದ, ಆಮೇಲೆ ಹ್ಯಾಂಡಲ್ಲಿಗೆ ಕೈ ಹಾಕುತ್ತಿದ್ದ.

ಅದೇ ಎಂಜಿನ್ನು ಅವನ ಕಿವಿ ತಿಂದಿತು. ಐದಾರು ವರ್ಷ ಆ ಸಪ್ಪಳದ ಪಕ್ಕದಲ್ಲೇ ನಿಂತವನಿಗೆ ಈಚೆಗೆ ಎರಡು ವರ್ಷದಿಂದ ಎದುರಿಗೆ ಬಂದು ಆಡಿದ ಮಾತಷ್ಟೇ ತಿಳಿಯುತ್ತಿತ್ತು. ಅದೂ ಅರ್ಧ ಕೇಳಿ, ಇನ್ನರ್ಧ ತುಟಿ ನೋಡಿ. ಈ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಎಂಜಿನ್ನಿನ ದನಿ ಕೇಳದವನನ್ನು ಎಂಜಿನ್ನಿಗೆ ಯಾರು ಇಟ್ಟುಕೊಳ್ಳುತ್ತಾರೆ? ಗೊತ್ತಾದ ದಿನವೇ ಮತ್ತೆ ಚೀಲಕ್ಕೋ ಕುರಿಗೋ ಹೋಗಬೇಕು ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು.

ಅದರ ಮೇಲೆ ಈ ಉಪವಾಸದ ಕಾಟ ಬೇರೆ. ಪ್ರತಿ ಅಮಾವಾಸ್ಯೆಯ ಮರುದಿನ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಮುದುಕಪ್ಪ ರಟ್ಟೆ ಬೀಳುವ ತನಕ ಹ್ಯಾಂಡಲ್ ತಿರುಗಿಸಿದರೆ, ಹೊತ್ತೇರಿದ ಮೇಲೆ ಹೇಗೋ ಹತ್ತುತ್ತಿತ್ತು. ತನಗೆ ಕೇಳದ ಯಾವುದೋ ಸಪ್ಪಳದಲ್ಲಿ ತಪ್ಪಿದೆ, ಕಿವಿ ಇದ್ದವನಾದರೆ ಹಿಡಿಯುತ್ತಿದ್ದ ಎಂದು ಅವನು ಒಳಗೊಳಗೇ ಸಾಯುತ್ತಿದ್ದ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಶಿವರಾತ್ರಿ ಬಂತು, ಅದರ ಬೆನ್ನಿಗೇ ಅಮಾವಾಸ್ಯೆ. ಎಂಜಿನ್ನಿಗೆ ಎರಡು ದಿನದ ಉಪವಾಸ. ಆ ಸಲ ಶಿವರಾತ್ರಿಯ ವಿಶೇಷಕ್ಕೆಂದು ಸಾವ್ಕಾರ್ರು ಎಣ್ಣೆಯ ನಳಿಗೆಗಳನ್ನೂ ಬಿಚ್ಚಿ ಒರೆಸಿಸಿದರು. ಮೂರನೆಯ ದಿನ ಎಣ್ಣೆ ತುಂಬಿ ಹ್ಯಾಂಡಲ್ ತಿರುಗಿಸಿದರೆ, ಶಿವನಾಣೆ, ಒಂದು ಕೆಮ್ಮೂ ಇಲ್ಲ. ಆ ದಿನ ಹೋಯಿತು, ಮರುದಿನವೂ ಹೋಯಿತು. ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು ವಾಪಸ್ ಹೋಗಿ ಬೀಸೋಕಲ್ಲಿನ ಮುಂದೆ ಕೂತರು.

“ಉಪವಾಸ ನಿನ್ನ ಎಂಜಿನ್ನಿಗೆ, ನೋವು ನಮ್ಮ ರಟ್ಟಿಗೆ ಏನೋ ಮುದುಕಪ್ಪ!” ಎಂದು ಯಮನೂರಮ್ಮ ಎಂಬಾಕೆ ಅವನ ಮುಖದ ಮುಂದೆಯೇ ಕೈ ತಿರುವಿ ಹೋದಳು.

ಸಾವ್ಕಾರ್ರು ಹಟ್ಟಿಯ ಚಿನ್ನದ ಗಣಿಯಿಂದ ಲಾಲಪ್ಪ ಮಿಸ್ತ್ರಿಯನ್ನು ಕರೆಸಿದರು. ಲಾಲಪ್ಪ ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ, ಉಪವಾಸದ ಕತೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ರೀ ಸಾವ್ಕಾರ್ರ, ಟಾಕಿ ಖಾಲಿ ಮಾಡಿದ್ರ ನಳಿಗ್ಯಾಗ ಗಾಳಿ ತುಂಬತೈತಿ. ಗಾಳಿ ಒತ್ತಿದ್ರ ಕುಗ್ಗತೈತಿ, ಎಣ್ಣಿ ಕುಗ್ಗಂಗಿಲ್ಲ. ಪಂಪು ಎಷ್ಟು ಒತ್ತಿದ್ರೂ ಗಾಳೀನ ಕುಗ್ಗಿ ಹಿಗ್ಗತೈತಿ, ಎಣ್ಣಿ ಮುಂದಕ್ಕ ಹೋಗಂಗಿಲ್ಲ. ಮದ್ಲ ಗಾಳಿ ತೆಗೀಬೇಕು. ಮುದುಕಪ್ಪ, ಪಾನಾ ಹಿಡಕೊಂಡು ಬಾ ಇಲ್ಲೆ.”

ಪಾನಾದಿಂದ ನಳಿಗೆಯ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ್ದೇ ಎಣ್ಣೆ ಬುಸುಬುಸು ನೊರೆ ಕಾರಿತು, ಗುಳ್ಳೆ ಮೇಲೆ ಗುಳ್ಳೆ. ಗುಳ್ಳೆ ನಿಂತು ಎಣ್ಣೆ ಒಂದೇ ಎಳೆಯಾಗಿ ಇಳಿಯತೊಡಗಿದ ಮೇಲೆ ನಟ್ಟು ಬಿಗಿದರು. ಪಂಪಿನ ಹತ್ತಿರವೂ ಹೀಗೇ ಮಾಡಿದರು. ಕಣ್ಣಿಗೆ ಕಾಣುವ ಕೆಲಸ, ಮುದುಕಪ್ಪ ನೋಡನೋಡುತ್ತಲೇ ಕಲಿತ.

“ಇನ್ನ ನಾ ಗಾಲಿ ತಿರುಗಸ್ತೀನಿ. ನಳಿಗಿ ತುದಿಗೆ ‘ಕಿರ್ರ್’ ಅಂತ ಸಣ್ಣ ಸಪ್ಪಳ ಬರತೈತಿ. ಬಂತಂದ್ರ ಗಾಳಿ ಪೂರಾ ಹೋತು. ನೀ ಕಿವಿಗೊಟ್ಟು ಕೇಳಿ ಹೇಳು,” ಎಂದ ಲಾಲಪ್ಪ.

ಮುದುಕಪ್ಪ ಒಮ್ಮೆ ಸುತ್ತ ನೋಡಿದ. ಬಾಗಿಲಲ್ಲಿ ಸಾವ್ಕಾರ್ರು, ಅವರ ಹಿಂದೆ ಬುಟ್ಟಿ ಹೊತ್ತ ಹೆಂಗಸರು. ಗಾಲಿ ನಾಲ್ಕು ಸುತ್ತು ತಿರುಗಿತು. ಅವನು ಸುಮ್ಮನೆ ಅಂದಾಜಿನ ಮೇಲೆ “ಬಂತ್ರಿ” ಎಂದ.

“ಎಲ್ಲಿ ಬಂತಲೇ? ಇನ್ನೂ ಇಲ್ಲ!”

ಮುದುಕಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಕೈ ಎಲ್ಲಿಡಬೇಕೆಂದು ತಿಳಿಯದೆ ನಳಿಗೆಯನ್ನು ಹಿಡಿದುಕೊಂಡು ನಿಂತ. ಗಾಲಿ ಮತ್ತೆ ತಿರುಗಿತು, ನಳಿಗೆ ಸತ್ತಂತೆ ಸುಮ್ಮನಿತ್ತು. ಇನ್ನೂ ಒಂದು ಸುತ್ತು. ಆಗ ಅವನ ಬೆರಳಿನ ಕೆಳಗೆ ಏನೋ ಟಕ್ಕನೆ ಬಡಿಯಿತು. ಹುಟ್ಟಿದ ಕುರಿಮರಿಯನ್ನು ಎತ್ತಿಕೊಂಡಾಗ ಅಂಗೈಗೆ ಎದೆ ಬಡಿಯುತ್ತದಲ್ಲ, ಹಾಗೆ. ಸುತ್ತಿಗೊಮ್ಮೆ ಟಕ್, ಮತ್ತೆ ಟಕ್.

“ಈಗ ಬಂತು!” ಎಂದ.

“ಶಾಬಾಸ್! ಬರಾಬರಿ ಕೇಳಿದಿ ನೋಡು,” ಎಂದ ಲಾಲಪ್ಪ.

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ವರ್ಷದ ಭಾರ ಸಾಕಾಗಿ ಹೋಗಿತ್ತು ಆ ಮನುಷ್ಯನಿಗೆ.

“ಕೇಳಲಿಲ್ರಿ, ಕೈಗೆ ತಿಳೀತು.” ಅವನು ಸಾವ್ಕಾರ್ರ ಕಡೆ ತಿರುಗಿದ. “ನನಗ ಕಿವಿ ಕೇಳಂಗಿಲ್ರಿ ಸಾವ್ಕಾರ್ರ. ಎರಡು ವರ್ಷ ಮುಚ್ಚಿಟ್ಟೀನಿ. ಎಂಜಿನ್ನಿಗೆ ಬ್ಯಾರೆ ಮಂದೀನ ನೋಡಿಕೊಳ್ರಿ.”

ಅಮರಗುಂಡಪ್ಪನವರು ಬಾಗಿಲಿನಿಂದ ಒಳಗೆ ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಂತರು.

“ಹುಚ್ಚಪ್ಪ! ಮಸ್ಕ್ಯಾಗ ಗೊತ್ತಿಲ್ಲದವರು ಯಾರದಾರ? ನಿನ್ನ ಹೆಂಡ್ತಿ ಎರಡು ವರ್ಷದ ಹಿಂದನ ನಮ್ಮನಿಗೆ ಬಂದು ಹೇಳ್ಯಾಳ. ಈ ಹೆಣ್ಮಕ್ಕಳ ಮನಿಮನಿಗೂ ಹೋಗ್ಯಾಳ. ಆತಗ ಹಿಂದಿನಿಂದ ಕರೀಬ್ಯಾಡ್ರಿ, ಎದುರಿಗೆ ಬಂದು ಮಾತಾಡ್ರಿ, ಗೊತ್ತೈತಿ ಅಂತ ಮಾತ್ರ ತೋರಿಸಬ್ಯಾಡ್ರಿ, ಆತ ಭಾಳ ನೊಂದ್ಕೋತಾನ ಅಂತ. ತಪ್ಪು ನಿನ್ನ ಕಿವೀದಲ್ಲಪ್ಪ, ನನ್ನ ಉಪವಾಸದ್ದು. ಇನ್ನ ಮ್ಯಾಲೆ ಹಸಿಯೋದು ನಾನೊಬ್ಬನ. ಚಾಲೂ ಮಾಡು, ಮಂದಿ ನಿಂತಾರ.”

ಎಂಜಿನ್ನು ಎರಡನೆಯ ಸುತ್ತಿಗೇ ಹತ್ತಿತು. ಮುದುಕಪ್ಪ ಅದರ ಮೈ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕರಿ ಮಾಡಿಕೊಂಡ. ಹೆಂಗಸರು ನಕ್ಕರು, ಕೆಲವರು ಅತ್ತರು.

ಮಧ್ಯಾಹ್ನ ಉಣ್ಣಲು ಮನೆಗೆ ಹೋದಾಗ ಪಾರ್ವತೆಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮುಖ ತಿರುಗಿಸಿದರೆ ರೊಟ್ಟಿ ಸೀದೀತೆಂದು ಹಂಚಿನ ಕಡೆಗೇ ನೋಡುತ್ತ ಏನೋ ಅಂದಳು. ಎರಡು ವರ್ಷ ಇಂಥ ಹೊತ್ತಿಗೆಲ್ಲ ಅವನು ಸುಮ್ಮನೆ “ಹ್ಞೂಂ” ಅಂದುಬಿಡುತ್ತಿದ್ದ. ಇವತ್ತು ಅವಳ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ.

“ಪಾರೂ, ನನಗ ಕೇಳಲಿಲ್ಲ. ಇನ್ನೊಮ್ಮಿ ಹೇಳು.”

ಪಾರ್ವತೆಮ್ಮ ಅವನ ಮುಖ ನೋಡಿದಳು. ಹಿಟ್ಟಿನ ಕೈಯಲ್ಲೇ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಇನ್ನೊಮ್ಮೆ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.