ಕಾನ್ವೆಂಟ್ ನೋಡಲು ಎರಡು ಸಲ ಹೋದದ್ದು

ನಾನು ದಿನಚರಿ ಬರೆಯುವವನು. ಹಾಗಾಗಿ ನನಗೆ ಎಲ್ಲವೂ ಸರಿಯಾಗಿ ನೆನಪಿರುತ್ತದೆ ಎಂದು ಮನೆಯವರು ತಿಳಿದಿದ್ದಾರೆ. ಐವತ್ತರ ದಶಕದ ಒಂದು ಏಪ್ರಿಲ್ ತಿಂಗಳ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: "ಮೈಸೂರಿಗೆ ಹೋಗಿ ಕಾನ್ವೆಂಟ್ ನೋಡಿ ಬಂದೆ. ಮಾಂಸ ತಿನ್ನದ ಹುಡುಗಿಯರಿಗೆ ಬೇರೆ ಪಂಕ್ತಿ, ಬೇರೆ ಅಡುಗೆ. ಇಷ್ಟಲಿಂಗದ ವಿಷಯ ಕೇಳಿದೆ, ಅಭ್ಯಂತರವಿಲ್ಲವೆಂದರು."

ಮೊದಲ ಎರಡು ವಾಕ್ಯ ನಿಜ. ಮೂರನೆಯದು ಸುಳ್ಳು. ನಾನು ಕೇಳಿರಲಿಲ್ಲ. ಹೆಂಡತಿ ನನ್ನ ದಿನಚರಿ ಓದುತ್ತಾಳೆ ಎಂಬ ಅನುಮಾನದಿಂದ ಹಾಗೆ ಬರೆದೆನೋ, ಬರೆದುಬಿಟ್ಟರೆ ಅದು ನಡೆದಂತೆಯೇ ಆಗುತ್ತದೆ ಎಂದುಕೊಂಡೆನೋ, ಈಗ ಹೇಳಲಾರೆ. ಉಳಿದ ಪುಟಗಳಲ್ಲೂ ಇಂಥವು ಎಷ್ಟಿವೆಯೋ ಎಂಬ ಕುತೂಹಲ ಮಾತ್ರ ಇದೆ.

ಆಗ ನಾನು ಚಾಮರಾಜನಗರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಗಳಿಗೆ ಹತ್ತು ವರ್ಷ. ನನಗೆ ವರ್ಗವಾದಂತೆಲ್ಲ ಅವಳು ಶಾಲೆ ಬದಲಿಸಿ ಮೂರು ಊರು ಕಂಡಿದ್ದಳು. ನಾಲ್ಕನೆಯದು ಬೇಡ ಎಂದು ಹಟ ಹಿಡಿದವಳು ನನ್ನ ಹೆಂಡತಿ. ಅವಳಿಗೆ ಕಾನ್ವೆಂಟ್ ಹೊಳೆದದ್ದು ಚಾಮರಾಜನಗರದ ರೈಲ್ವೆ ಸ್ಟೇಷನ್ನಿನಲ್ಲಿ. ತವರಿಗೆ ಹೊರಟು ರೈಲು ಕಾಯುತ್ತಿದ್ದಾಗ ಬಿಳಿ ಉಡುಪಿನ ಇಬ್ಬರು ಸಿಸ್ಟರುಗಳನ್ನು ಕಂಡಳಂತೆ. ಒಬ್ಬಾಕೆ ಅರಿಸಿನದ ಮೂಟೆಗಳ ಪಕ್ಕದಲ್ಲಿ ನಿಂತುಕೊಂಡೇ ಪುಸ್ತಕ ಓದುತ್ತಿದ್ದರಂತೆ.

"ಅಷ್ಟು ಜನ ದಿಟ್ಟಿಸಿ ನೋಡ್ತಿದ್ರು. ಆಯಮ್ಮ ತಲೆ ಎತ್ತಲಿಲ್ಲ. ರೈಲು ಬಂದ ಮೇಲೆ ಪುಟ ಮಡಿಸ್ಕೊಂಡು ಹತ್ತಿದ್ಲು," ಎಂದಳು.

"ಅದಕ್ಕೇ ಆ ಶಾಲೆ ಒಳ್ಳೇದಾ?"

"ನಾನು ಹಾಗೆ ನಿಂತು ಓದಿದ್ರೆ ನೀವೇ ಏನಂತಿದ್ರಿ, ಹೇಳಿ ನೋಡನ."

ನಾನು ಏನೆನ್ನುತ್ತಿದ್ದೆ? ನನಗೆ ಉತ್ತರ ಗೊತ್ತಿತ್ತು. ಹೈಸ್ಕೂಲಿನ ಮೊದಲ ವರ್ಷದಲ್ಲೇ ಅವಳ ಓದು ಬಿಡಿಸಿ ನನಗೆ ಮದುವೆ ಮಾಡಿಕೊಟ್ಟಿದ್ದರು.

ಆದರೆ ಮನೆಯಲ್ಲಿ ಕೊನೆಯ ಮಾತು ಅವ್ವನದು. ಅವ್ವ ಗುಂಡ್ಲುಪೇಟೆಯಲ್ಲಿ ಅಣ್ಣನ ಜೊತೆ ಇದ್ದಳು. ಭಾನುವಾರ ಬಸ್ಸಿನಲ್ಲಿ ಹೋಗಿ ವಿಷಯ ಹೇಳಿದೆ. ನಾನು ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ: ಹೆಣ್ಣು ಕೂಸು, ದೂರದ ಊರು, ಬೇರೆ ಮತದವರು. ಅವ್ವ ಇವ್ಯಾವುದನ್ನೂ ಎತ್ತಲಿಲ್ಲ. ಜಗಲಿಯ ಮೇಲೆ ಈರುಳ್ಳಿ ಆರಿಸುತ್ತಲೇ ಒಂದೇ ಒಂದು ಕೇಳಿದಳು.

"ಕತ್ತಲ್ಲಿರ ಲಿಂಗ್ವ ಬಿಚ್ಚುಸ್ತರಾ?"

"ಗೊತ್ತಿಲ್ಲ ಅವ್ವ."

"ಗೊತ್ತಿಲ್ಲ ಅಂದ್ರ? ಓಗಿ ಕೇಳ್ಕ ಬಾ ಕಣ್ಲಾ. ಬಿಚ್ಚುಸ್ದೇ, ಹೊತ್ತಾರ ಪೂಜೆ ಮಾಡ್ಕಳಕ ಬುಟ್ರ ಕಳ್ಸು. ಇಲ್ಲಾಂದ್ರ ಕೂಸು ಇಲ್ಲೇ ಇರ್ಲಿ."

ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ಬುದ್ಧಿ ಬಂದ ಮೇಲೆ ದಿನವೂ ಸ್ನಾನ ಮಾಡಿ, ಅದನ್ನು ಎಡಗೈಯಲ್ಲಿಟ್ಟು ವಿಭೂತಿ ಧರಿಸಿ ಪೂಜೆ ಮಾಡದೆ ಬಾಯಿಗೆ ಏನೂ ಹಾಕುವಂತಿಲ್ಲ. ಮಗಳು ಇದನ್ನು ಅವ್ವನಿಂದಲೇ ಕಲಿತಿದ್ದಳು. ನನ್ನಿಂದ ಕಲಿಯುವಂತಿರಲಿಲ್ಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿಗೆ ಸೇರಿದ ಮೂರನೆಯ ತಿಂಗಳಿಗೇ ನಾನು ಬೆಳಗಿನ ಪೂಜೆ ಬಿಟ್ಟಿದ್ದೆ. ಯಾರೂ ಬಿಡಿಸಲಿಲ್ಲ. ಬಚ್ಚಲಿಗೆ ಸಾಲು ನಿಲ್ಲಬೇಕಿತ್ತು, ಎಂಟಕ್ಕೆ ಕ್ಲಾಸು. ಒಂದು ದಿನ ತಪ್ಪಿತು, ಆಮೇಲೆ ತಪ್ಪಿದ್ದು ಗೊತ್ತಾಗದಂತಾಯಿತು. ಲಿಂಗ ಕತ್ತಿನಲ್ಲಿ ಅಂಗಿಯ ಒಳಗೇ ಇತ್ತು, ಈಗಲೂ ಇದೆ. ಅವ್ವನ ಮನೆಗೆ ಹೋದಾಗ ಮಾತ್ರ ಪೂಜೆಗೆ ಕೂರುತ್ತಿದ್ದೆ.

ಬಹುಶಃ ಇದಕ್ಕಾಗಿಯೇ ನಾನು ಮೈಸೂರಿನಲ್ಲಿ ಕೇಳದೆ ಉಳಿದೆ. ನಾನು ಬಿಟ್ಟದ್ದನ್ನು ಮಗಳಿಗೆ ಉಳಿಸಿಕೊಡಿ ಎಂದು ಯಾವ ಮುಖದಿಂದ ಕೇಳುವುದು? ಅಥವಾ ಇದು ಆಮೇಲೆ ನಾನು ಕಂಡುಕೊಂಡ ಗೌರವಸ್ಥ ಕಾರಣವಿರಬಹುದು. ನಿಜವಾದ ಕಾರಣ ಸಣ್ಣದಿದ್ದೀತು: ಆ ಸಿಸ್ಟರ್ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದರು, ನಾನೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ, ಆ ಭಾಷೆಯಲ್ಲಿ ಈ ವಿಷಯವನ್ನು ಹೇಗೆ ಎತ್ತಬೇಕೆಂದು ತಿಳಿಯಲಿಲ್ಲ. ಫೀಸು ಕೇಳಿದೆ, ಹಾಸಿಗೆ ತರಬೇಕೇ ಎಂದು ಕೇಳಿದೆ, ಯಾವ ತರಗತಿಯಿಂದ ಇಂಗ್ಲಿಷ್ ವ್ಯಾಕರಣ ಎಂದು ಕೇಳಿದೆ. ಊಟದ ಮನೆ ತೋರಿಸಿದರು. ಉದ್ದದ ಮೇಜುಗಳು, ಪ್ರತಿ ಹುಡುಗಿಗೆ ಅಲ್ಯುಮಿನಿಯಂ ಲೋಟ. ಪಾರ್ಲರಿನಲ್ಲಿ ಒಂದು ಚಿತ್ರ ತೂಗುಹಾಕಿದ್ದರು, ಎದೆ ಬಗೆದು ಹೃದಯ ತೋರಿಸುವ ದೇವರದ್ದು. ನಾನು ಅದನ್ನೇ ನೋಡುತ್ತ ಕುಳಿತಿದ್ದೆ. ಸಿಸ್ಟರ್ ಎರಡು ಸಲ "ಇನ್ನೇನಾದರೂ?" ಎಂದು ವಿಚಾರಿಸಿದರು. ಎರಡು ಸಲವೂ ಇಲ್ಲವೆಂದೆ.

ಮುಂದಿನ ಭಾನುವಾರ ಅವ್ವನಿಗೆ, "ಕೇಳಿದೆ, ಅಭ್ಯಂತರವಿಲ್ಲವಂತೆ," ಎಂದೆ.

ಅವ್ವ ನನ್ನ ಮುಖ ನೋಡಿದಳು. "ಯಾವ ಮಾತ್ಲಿ ಯೋಳುದ್ರು?"

"ಯಾವ ಮಾತಲ್ಲಿ ಅಂದ್ರೆ? ಪರವಾಗಿಲ್ಲ ಅಂದ್ರು."

"ಅಷ್ಟೇಯಾ? ಯಾಕಾ, ಏನಾ, ಅಂತ ಒಂದೂ ಕೇಳ್ನಿಲ್ವಾ ಅವ್ರು? ನಾನಾಗಿದ್ರ ನೂರ ಕೇಳ್ತಿದ್ದಿ." ಆಮೇಲೆ, "ನಾನೂ ಬತ್ತಿನಿ. ಅವ್ರ ಒಂದ್ಸಲ ನೋಡ್ಬೇಕು," ಎಂದಳು.

ಹೀಗೆ ಎರಡನೆಯ ಸಲ ಅವ್ವ, ಹೆಂಡತಿ, ಮಗಳು, ನಾನು, ನಾಲ್ವರೂ ಚಾಮರಾಜನಗರದಿಂದ ಬೆಳಗಿನ ರೈಲಿನಲ್ಲಿ ಹೊರಟೆವು. ಅವ್ವ ಅದಕ್ಕೆ ಮೊದಲು ರೈಲು ಹತ್ತಿರಲಿಲ್ಲವೆಂದು ನನ್ನ ನೆನಪು. ಹತ್ತಿದ್ದರು, ಅತ್ತೆಯೇ ತನಗೆ ಕಿಟಕಿ ಬಾಗಿಲು ಹಾಕುವುದನ್ನು ತೋರಿಸಿಕೊಟ್ಟರು ಎಂದು ಹೆಂಡತಿ ಹೇಳುತ್ತಾಳೆ. ದಾರಿಯುದ್ದಕ್ಕೂ ನಾನು ಒಂದೇ ಯೋಚನೆಯಲ್ಲಿದ್ದೆ: ಅವ್ವ ಬಾಯಿ ತೆರೆಯುವ ಮೊದಲು ಸಿಸ್ಟರನ್ನು ಪಕ್ಕಕ್ಕೆ ಕರೆದು ಕೇಳಿಬಿಡಬೇಕು. ಅಂಥ ಅವಕಾಶ ಸಿಗಲಿಲ್ಲ. ಪಾರ್ಲರಿಗೆ ಅದೇ ಸಿಸ್ಟರ್ ಬಂದರು. ಅವ್ವನನ್ನು ಕಂಡು ಕನ್ನಡಕ್ಕೆ ತಿರುಗಿದರು. ಅವರು ಮಂಗಳೂರಿನ ಕಡೆಯವರು ಎಂದು ನನಗೆ ಗೊತ್ತಾದದ್ದೇ ಆಗ.

"ಕೂತುಕೊಳ್ಳಿ ಅಮ್ಮ. ಎಲ್ಲಿಂದ ಬಂದದ್ದು ನೀವು?"

"ಗುಂಡ್ಲುಪ್ಯಾಟ ಕನವ್ವ," ಎಂದ ಅವ್ವ ಕುರ್ಚಿಯ ತುದಿಯಲ್ಲಿ ಕುಳಿತು, ಸಿಸ್ಟರರ ಎದೆಯ ಮೇಲೆ ದಾರದಲ್ಲಿ ತೂಗುತ್ತಿದ್ದ ಶಿಲುಬೆಯನ್ನು ಬೆರಳು ಚಾಚಿ ತೋರಿಸಿದಳು. "ಇದ ಯಾವಾಗ ಕಟ್ಟುದ್ರು ನಿಮ್ಗ? ಹುಟ್ದಾಗಲೇವಾ?"

ಅವ್ವನ ಕೈ ಇಳಿಸಲು ನಾನು ಮುಂದಕ್ಕೆ ಬಾಗಿದೆ. ಸಿಸ್ಟರ್ ಮಾತ್ರ ಶಿಲುಬೆಯನ್ನು ಕೈಯಲ್ಲಿ ಹಿಡಿದು, "ಇಲ್ಲ ಅಮ್ಮ, ಇದು ನಾನು ಸಿಸ್ಟರ್ ಆಗುವಾಗ ಕೊಟ್ಟದ್ದು. ಇಪ್ಪತ್ತೊಂದು ವರ್ಷ ಆಗಿತ್ತು ನನಗೆ," ಎಂದರು.

"ಮನಿಕ್ಕಳವಾಗ ಬಿಚ್ಚಿರಾ?"

"ಹೌದು. ಮಲಗುವಾಗ ತೆಗೆದಿಡುವುದು."

"ನಾವು ಬಿಚ್ಚುಲ್ಲ," ಎಂದಳು ಅವ್ವ, ಒಂದು ಕೈ ಮೇಲಾದವಳಂತೆ. "ಹೊತ್ತಾರ ಎದ್ರ ಮೊದ್ಲು ಏನ ಮಾಡಿರಿ? ಕಾಪಿ ಕುಡ್ದೀರಾ?"

"ಕಾಫಿಯಾ! ಪೂಜೆ ಮುಗಿಯುವ ತನಕ ಎಂತದೂ ಇಲ್ಲ ಅಮ್ಮ. ಒಂದು ತುಂಡು ರೊಟ್ಟಿ ಸಹ ಇಲ್ಲ. ಕೆಲವು ದಿನ ತಲೆ ತಿರುಗುತ್ತದೆ."

ಅವ್ವ ಇದನ್ನು ಕೇಳಿ ಹಿಂದಕ್ಕೆ ಸರಿದು ಸರಿಯಾಗಿ ಕುಳಿತಳು. ನನ್ನ ಹೆಂಡತಿಯ ಕಡೆ ತಿರುಗಿ ತಲೆದೂಗಿದಳು. ನಾನು ವಿಶ್ವವಿದ್ಯಾಲಯದಲ್ಲಿ ಯುರೋಪಿನ ಚರಿತ್ರೆ ಓದಿದ್ದೆ, ಮಠಗಳ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಆದರೂ ಅವರು ಬೆಳಿಗ್ಗೆ ಹೊಟ್ಟೆಗೆ ಯಾವಾಗ ತಿನ್ನುತ್ತಾರೆ ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಅವ್ವ ಎಂದಳು, "ನಮ್ ಕೂಸೂ ಹಂಗೇಯಾ. ಪೂಜೆ ಆಗ್ದೆ ನೀರೂ ಮುಟ್ಟುಲ್ಲ. ಲಿಂಗ ಕತ್ತಲ್ಲೇ ಇರ್ಲಿ ಅಂತ ನನ್ ಮಗಂಗ ಯೋಳಿದ್ರಂತಲ್ಲ, ಒಳ್ಳೇದಾಯ್ತು ಬುಡಿ."

ಸಿಸ್ಟರ್ ನನ್ನತ್ತ ನೋಡಿದರು. "ಇವರು ಕೇಳಿದ್ದು ಫೀಸು, ಹಾಸಿಗೆ, ಇಂಗ್ಲಿಷ್ ಪುಸ್ತಕ. ಇದನ್ನು ಕೇಳಿದ್ದು ನನಗೆ ನೆನಪಿಲ್ಲ ಅಮ್ಮ."

ನಾನು ನೆಲ ನೋಡಿದೆ. ಹೆಂಡತಿ ನನ್ನನ್ನು ನೋಡುತ್ತಿದ್ದಳೆಂದು ತಲೆ ಎತ್ತದೆಯೇ ಗೊತ್ತಾಯಿತು. ಅವ್ವ ಮಾತ್ರ ತಡಮಾಡಲಿಲ್ಲ.

"ನಿಮ್ಗ ಮರ್ತೋಗಿರ್ಬೇಕು. ದಿನಾ ಏಸ್ ಜನ ಬಂದರು ಪಾಪ," ಎಂದು ಪರರ ಎದುರಿಗೆ ನನ್ನ ಮಾನ ಉಳಿಸಿ, "ಈಗ ನಾನೇ ಕೇಳ್ತ ಇವ್ನಿ, ಯೋಳಿ," ಎಂದಳು.

ಸಿಸ್ಟರ್ ಮಗಳನ್ನು ಹತ್ತಿರ ಕರೆದರು. ಲಂಗದ ಮೇಲಿನ ರವಿಕೆಯ ಒಳಗಿಂದ ಅವಳು ಲಿಂಗ ತೆಗೆದು ತೋರಿಸಿದಳು. ಅದು ಬೆಳ್ಳಿಯ ಕರಡಿಗೆಯಲ್ಲಿತ್ತು. ಹಿಂದಿನ ವರ್ಷ ನಾನೇ ಮಾಡಿಸಿದ್ದೆ. ಸಿಸ್ಟರ್ ಅದನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು.

"ಬೆಳ್ಳಿ ಆಗುವುದಿಲ್ಲ. ಬಳೆ, ಸರ, ಓಲೆ, ಯಾವುದೂ ಹಾಕಲಿಕ್ಕೆ ಬಿಡುವುದಿಲ್ಲ ನಾವು. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರ ಅಮ್ಮಂದಿರೂ ಬರುತ್ತಾರೆ."

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಹೆಂಡತಿಯ ಕೈ ಮಗಳ ಭುಜದ ಮೇಲೆ ಹೋಯಿತು. ಅವ್ವ ತನ್ನ ಸೆರಗಿನ ಒಳಗಿಂದ ಹಳೆಯ ಬಿಳಿ ಬಟ್ಟೆಯ ಗಂಟೊಂದನ್ನು ಹೊರಗೆ ತೆಗೆದಳು. ಅವಳ ಲಿಂಗ ಎಂದಿಗೂ ಬಟ್ಟೆಯಲ್ಲೇ ಇತ್ತು.

"ಹಿಂಗಾದ್ರ?"

"ಹೀಗಾದರೆ ಅದು ಒಡವೆ ಅಲ್ಲವಲ್ಲ," ಎಂದರು ಸಿಸ್ಟರ್ ನಿಧಾನವಾಗಿ. "ಮದರ್ ಹತ್ತಿರ ಒಂದು ಮಾತು ಕೇಳಬೇಕು." ಎದ್ದು ಒಳಗೆ ಹೋದರು.

ಎಷ್ಟು ಹೊತ್ತು ಕಾದೆವೋ ತಿಳಿಯದು. ನನಗೆ ಒಂದು ಗಂಟೆಯೆಂದು ನೆನಪು. ಕಾಲು ಗಂಟೆಯೂ ಇರಲಿಕ್ಕಿಲ್ಲ. ಅವ್ವ ಸಣ್ಣ ದನಿಯಲ್ಲಿ, "ಬಿಯ್ಯೆ ಓದ್ದವ್ನ ನಾಲ್ಗನ ಯಾರ್ಲಾ ಕಿತ್ಕಂಡವ್ರು?" ಎಂದಳು. ಅಷ್ಟೇ. ಆಮೇಲೂ ಯಾವತ್ತೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಸಿಸ್ಟರ್ ಹಿಂದಿರುಗಿ ಬಂದು ಹೇಳಿದ್ದಿಷ್ಟು: ಬಟ್ಟೆಯಲ್ಲಿ ಕಟ್ಟಿ, ರವಿಕೆಯ ಒಳಗೆ ಇಟ್ಟುಕೊಳ್ಳಬಹುದು. ಅವರ ಮತದ ಹುಡುಗಿಯರು ಬೆಳಿಗ್ಗೆ ಪ್ರಾರ್ಥನೆಗೆ ತಮ್ಮ ಗುಡಿಗೆ ಹೋಗುವ ಹೊತ್ತು ಇವಳ ಪೂಜೆಗೆ ಆದೀತು, ಆಗ ಓದುವ ಕೋಣೆ ಖಾಲಿ. ಆದರೆ ಬಚ್ಚಲಿಗೆ ಸಾಲು ಇರುತ್ತದೆ. ಅಷ್ಟರೊಳಗೆ ಇವಳ ಸ್ನಾನ ಆಗಬೇಕಾದರೆ ಗಂಟೆ ಹೊಡೆಯುವ ಮೊದಲೇ ಏಳಬೇಕು, ಎಲ್ಲರಿಗಿಂತ ಮುಂಚೆ, ವರ್ಷವಿಡೀ. "ನಾವು ಎಬ್ಬಿಸುವುದಿಲ್ಲ. ಅದು ನಮ್ಮ ಕೆಲಸ ಅಲ್ಲ."

ಸಾಲು ಎಂಬ ಮಾತು ಕೇಳಿದ ಕೂಡಲೇ ನನ್ನ ಹಾಸ್ಟೆಲಿನ ಬಚ್ಚಲು ಕಣ್ಣೆದುರು ಬಂತು. "ಏಳ್ತಾಳೆ, ಏಳ್ತಾಳೆ," ಎಂದೆ.

"ನೀ ಸುಮ್ಕಿರು," ಎಂದಳು ಅವ್ವ. "ಬಚ್ಚಲ ತೋರ್ಸವ್ವ."

ಪಾರ್ಲರ್ ದಾಟಿ, ಊಟದ ಮನೆಯ ಹಿಂದೆ ತಗಡಿನ ಮಾಡು, ಸಾಲಾಗಿ ಸಣ್ಣ ಸಣ್ಣ ಮರೆಗಳು, ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ. ಗಂಡಸಾದ ನನ್ನನ್ನು ಇಷ್ಟು ದೂರ ಬಿಟ್ಟರೇ ಎಂದು ಈಗ ಅನುಮಾನ ಬರುತ್ತದೆ. ರಜೆ ಶುರುವಾಗಿ ಹುಡುಗಿಯರು ಇರಲಿಲ್ಲವೇನೋ. ಬೇಸಗೆಯಾದರೂ ತೊಟ್ಟಿಯ ಮೇಲೆ ಮರದ ನೆರಳಿತ್ತು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು ಬಗ್ಗಿ ಮೊಣಕೈವರೆಗೆ ನೀರಿನಲ್ಲಿ ಅದ್ದಿದಳು.

"ತಣ್ಣಗದ. ಬಾ ಕೂಸೇ, ನೀನೂ ಇಕ್ಕು ಕೈಯ."

ಮಗಳು ಕೈ ಇಟ್ಟಳು. ನೀರಿನಲ್ಲಿ ತನ್ನ ಬೆರಳುಗಳನ್ನು ಅಲುಗಿಸಿ ನೋಡಿದಳು.

"ಬಿಸಿನೀರು ಕೊಡಲ್ವಾ?" ಎಂದು ಸಿಸ್ಟರನ್ನು ಕೇಳಿದಳು.

"ಜ್ವರ ಬಂದರೆ ಮಾತ್ರ."

"ಮಾಗಿ ಚಳೀಲೂ ಇಲ್ವಾ?"

"ನಮಗೂ ಇಲ್ಲ ಮಗಾ."

"ನೀವು ಎಷ್ಟು ಹೊತ್ತಿಗೆ ಏಳ್ತೀರ?"

"ನಾಲ್ಕೂವರೆ."

ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು. "ಆಗಲ್ಲ ಅಂದ್ರ ಈಗ್ಲೇ ಯೋಳ್ಬುಡು ಕಣಮ್ಮಿ. ಊರ್ಗೋಗನ, ಅಲ್ಲೇ ಓದೀಯೆ. ಯಾರೂ ಬಯ್ಯುಲ್ಲ."

ಹೆಂಡತಿ ಮಗಳ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಳು.

ಮಗಳು ಕೈಯನ್ನು ನೀರಿನಿಂದ ತೆಗೆದು ಲಂಗಕ್ಕೆ ಒರೆಸಿಕೊಂಡಳು. ಕರಡಿಗೆಯ ದಾರವನ್ನು ಕುತ್ತಿಗೆಯ ಮೇಲೆ ಸರಿಮಾಡಿಕೊಂಡಳು. ಬಹಳ ಹೊತ್ತು ಯೋಚಿಸಿದಳು. ಹತ್ತು ವರ್ಷದ ಮಗು ಅಷ್ಟು ಹೊತ್ತು ಯೋಚಿಸಬಹುದೆಂದು ನನಗೆ ಗೊತ್ತಿರಲಿಲ್ಲ.

"ಏಳ್ತೀನಿ ಅಜ್ಜಿ," ಎಂದಳು. "ಆದ್ರೆ ಏಳ್ದೇ ಇದ್ದ ದಿನ ಎದ್ದೆ ಅಂತ ಬರೆಯಲ್ಲ. ಎದ್ದಿಲ್ಲ ಅಂತ್ಲೇ ಕಾಗ್ದ ಹಾಕ್ತೀನಿ."

"ಹಾಕು," ಎಂದ ಅವ್ವ ಒದ್ದೆ ಕೈಯಲ್ಲೇ ಅವಳ ಕುತ್ತಿಗೆಯ ದಾರ ಹಿಡಿದು, ತನ್ನ ಸೆರಗಿನ ಅಂಚಿನಿಂದ ಒಂದು ಚೂರು ಬಟ್ಟೆ ಹರಿಯತೊಡಗಿದಳು.